ಚೀಟಿಯಲ್ಲಿ ಆಕೆಯ ಮಾತಿರಲಿ

(ಗುತ್ತಲಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ನನ್ನ ತಪ್ಪಿನಿಂದಲೇ ಮಾತು ಶುರುಮಾಡುತ್ತೇನೆ. ಬಹಳ ವರ್ಷಗಳ ಹಿಂದೆ, ರಾತ್ರಿ ಏಟು ತಿಂದು ಮಗುವನ್ನು ಎತ್ತಿಕೊಂಡು ಬಂದ ಹೆಣ್ಣುಮಗಳೊಬ್ಬಳಿಗೆ ಆಶ್ರಯಗೃಹಕ್ಕೆ ಚೀಟಿ ಬರೆದುಕೊಟ್ಟೆ. ‘ಗಂಡನೊಡನೆ ಹೊಂದಾಣಿಕೆ ಇಲ್ಲ, ದಯವಿಟ್ಟು ಜಾಗ ಕೊಡಿ’ ಎಂದಷ್ಟೇ. ಅಲ್ಲಿದ್ದವರು ಅದನ್ನು ಓದಿ, ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ, ಮೂರನೇ ದಿನ ಗಂಡನನ್ನೇ ಕರೆಸಿದರು. ಒಡವೆ ತರಲಿಲ್ಲವೆಂದು ಹೊಡೆದದ್ದು, ಸುಟ್ಟುಬಿಡುತ್ತೇನೆಂದು ಹೆದರಿಸಿದ್ದು ಯಾವುದೂ ಚೀಟಿಯಲ್ಲಿ ಇರಲಿಲ್ಲ. ಆಕೆಯ ಮಾನ ಮುಚ್ಚಲು ಹೋಗಿ ನಾನು ಹಿಂಸೆಯನ್ನೇ ಮುಚ್ಚಿದ್ದೆ.

ಆದ್ದರಿಂದ ಮೊದಲು ಆಕೆಯನ್ನೇ ಕೇಳಿ: ತವರಿಗೋ, ನೆಂಟರ ಮನೆಗೋ, ಆಶ್ರಯಗೃಹಕ್ಕೋ? ಆಕೆ ಒಪ್ಪದೆ ಒಂದಕ್ಷರ ಬರೆಯಬೇಡಿ. ಒಪ್ಪಿದರೆ ಆಕೆಯ ಮಾತಿನಲ್ಲೇ ಬರೆಯಿರಿ. ಯಾರು, ಯಾವಾಗ, ಯಾತರಿಂದ ಹೊಡೆದರು, ಏನು ತರಲು ಪೀಡಿಸಿದರು, ಏನೆಂದು ಬೆದರಿಸಿದರು, ಗಾಯ, ಚಿಕಿತ್ಸೆ, ಬಸುರಿಯೇ, ಯಾವ ಔಷಧಿ. ಮಕ್ಕಳ ವಯಸ್ಸು ಮರೆಯಬೇಡಿ. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ, ಮೊದಲೇ ವಿಚಾರಿಸಿ. ಗಂಡನ ಮನೆಯಲ್ಲಿ ಉಳಿದ ಒಡವೆ, ಪಾತ್ರೆಗಳ ಪಟ್ಟಿಯೂ ಇರಲಿ. ಎಲ್ಲವನ್ನೂ ಓದಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು.

ಗುತ್ತಲು ಮಂಡ್ಯದೊಳಗೇ ಇದೆ. ಸಹಾಯ ಹತ್ತಿರ, ಗುರುತಿನವರೂ ಹತ್ತಿರ. ಆಕೆ ಎಲ್ಲಿಗೆ ಹೋದಳೆಂದು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ನಲ್ಲಿ ಬಳಿ ಆಡಬೇಡಿ. ಸಾಲದ ಕಂತು ಬಾಕಿಯಿದೆ ಎಂದು ಆಕೆಯನ್ನು ತಡೆಯಲೂಬೇಡಿ.

ಕಾನೂನು ನಮ್ಮ ಕಡೆಗಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಆದ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 6ನೇ ಕಲಮಿನ ಪ್ರಕಾರ ಆಕೆಯೇ ಕೇಳಲಿ, ಆಕೆಯ ಪರವಾಗಿ ಸಂರಕ್ಷಣಾಧಿಕಾರಿ ಕೇಳಲಿ, ಆಶ್ರಯಗೃಹದವರು ಜಾಗ ಕೊಡಬೇಕು. ಘಟನೆಯ ವರದಿ ಇನ್ನೂ ದಾಖಲಾಗಿಲ್ಲವೆಂದು ನಿರಾಕರಿಸುವಂತಿಲ್ಲ. ಆಕೆ ಬೇಡವೆಂದರೆ ಅಲ್ಲಿರುವ ವಿಷಯವನ್ನು ಗಂಡನಿಗೆ ತಿಳಿಸುವಂತಿಲ್ಲ. ಇದು ನನಗೆ ಅಂದು ಗೊತ್ತಿದ್ದರೆ!

181ಕ್ಕೆ ಫೋನು ಮಾಡಿ, ಪ್ರಾಣಭಯವಿದ್ದರೆ 112ಕ್ಕೆ. ‘ಸಖಿ’ ಕೇಂದ್ರದಲ್ಲಿ ಐದು ದಿನದವರೆಗೆ ಇರಬಹುದು. ಹೆಚ್ಚು ಕಾಲ ಬೇಕಾದರೆ ‘ಶಕ್ತಿ ಸದನ’. ಹಿಂದಿನ ಸ್ವಾಧಾರ ಗೃಹಗಳಿಗೆ 2022ರಿಂದ ಈ ಹೆಸರು. ಐದನೇ ದಿನದವರೆಗೆ ಕಾಯದೆ ಮೊದಲ ದಿನವೇ ಮುಂದಿನ ಜಾಗ ಕೇಳಿ. ಸಾಧ್ಯವಾದರೆ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ.

‘ಹೊರಗೆ ಹೋದರೆ ಮನೆ ಕೈತಪ್ಪುತ್ತದೆ’ ಎಂದು ಹೆದರಿಸುವವರಿದ್ದಾರೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ ಎಂದು ಅದೇ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಆಕೆ ಬಿಟ್ಟು ಬಂದದ್ದು ಏಟನ್ನು, ಹಕ್ಕನ್ನಲ್ಲ. ನಾಳೆ ನ್ಯಾಯಾಲಯದಲ್ಲಿ ನಮ್ಮ ಚೀಟಿಯೂ ಆಕೆಯ ಪರ ಮಾತಾಡಬೇಕಾಗಬಹುದು. ಹಾಗೆಂದುಕೊಂಡೇ ಬರೆಯೋಣ.