ಸಾಲದ ಮೇಲೆ ನಡೆದ ಯುದ್ಧ

(ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಮೇರಿಕವು ಸಾಲದಲ್ಲಿ ಮುಳುಗುತ್ತಿದೆಯೆಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಕೆಲವರ ಮುಖ ಅರಳುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನಗಳ ಮೇಲೆ ಬಾಂಬು ಸುರಿದವರಿಗೆ ತಕ್ಕ ಶಾಸ್ತಿಯಾಯಿತೆಂದು ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ನಿಂತು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. 2025ರ ಅಕ್ಟೋಬರ್‌ನಲ್ಲಿ ಆ ದೇಶದ ಸಾಲವು 38 ಲಕ್ಷ ಕೋಟಿ ಡಾಲರ್ ದಾಟಿತೆಂಬುದು ನಿಜ. ಆದರೆ ಸಾಲ ಮಾಡಿದವರು ಯಾರು, ತೀರಿಸುತ್ತಿರುವವರು ಯಾರು ಎಂದು ವಿಚಾರಿಸಿದರೆ ನಮ್ಮ ಈ ಸಮಾಧಾನ ಉಳಿಯಲಾರದು.

2000ದಲ್ಲಿ ಅಮೇರಿಕದ ಫೆಡರಲ್ ಸರಕಾರ, ಅಂದರೆ ಅಲ್ಲಿನ ಕೇಂದ್ರ ಸರಕಾರವು, ಎಲ್ಲ ವೆಚ್ಚ ಕಳೆದು ಸುಮಾರು 23,600 ಕೋಟಿ ಡಾಲರ್ ಉಳಿಸಿತ್ತು. ಮುಂದಿನ ಹತ್ತು ವರ್ಷಗಳಲ್ಲಿ 5.6 ಲಕ್ಷ ಕೋಟಿ ಡಾಲರ್ ಮಿಗುವುದೆಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯು 2001ರ ಜನವರಿಯಲ್ಲಿ ಅಂದಾಜು ಮಾಡಿತು. ಆ ವರ್ಷದ ಜೂನ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ತೆರಿಗೆ ಕಡಿತದ ಶಾಸನಕ್ಕೆ ಸಹಿ ಹಾಕಿದರು. ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಯುದ್ಧ ಆರಂಭವಾಯಿತು. 2003ರ ಮಾರ್ಚ್‌ನಲ್ಲಿ ಇರಾಕಿನದು.

ಯುದ್ಧಕ್ಕಿಳಿದ ಸರಕಾರವು ಪ್ರಜೆಗಳಿಂದ ಹೆಚ್ಚು ತೆರಿಗೆ ಕೇಳುವುದು ವಾಡಿಕೆ. ಕೊರಿಯಾ ಯುದ್ಧದ ಕಾಲದಲ್ಲಿ ಟ್ರೂಮನ್ ತೆರಿಗೆ ಏರಿಸಿದರು. ವಿಯೆಟ್ನಾಮ್ ಯುದ್ಧದ ನಡುವೆ, 1968ರಲ್ಲಿ ಜಾನ್ಸನ್ ಆದಾಯ ತೆರಿಗೆಯ ಮೇಲೆ ಶೇ. 10ರಷ್ಟು ಅಧಿಕ ತೆರಿಗೆ ಹೇರಿದರು. ಬುಷ್ ಮಾಡಿದ್ದೇನು? ಇರಾಕಿಗೆ ಸೇನೆ ನುಗ್ಗಿ ಎರಡು ತಿಂಗಳು ಕಳೆದ ಬೆನ್ನಲ್ಲೇ ಮತ್ತೊಂದು ತೆರಿಗೆ ಕಡಿತ! ಗರಿಷ್ಠ ಆದಾಯ ತೆರಿಗೆ ಶೇ. 35ಕ್ಕೆ ಇಳಿಯಿತು, ಷೇರುಗಳ ಲಾಭಾಂಶಕ್ಕೆ ಶೇ. 15ರ ಮಿತಿ ಬಂತು. ಲಾಭಾಂಶದ ಮೇಲೆ ಬದುಕುವವರು ಕೂಲಿಕಾರರಲ್ಲ. ಇಂಥ ಕಡಿತ ಬೇಡವೆಂದ ಹಣಕಾಸು ಕಾರ್ಯದರ್ಶಿ ಪಾಲ್ ಓನೀಲ್‌ರನ್ನು 2002ರ ಡಿಸೆಂಬರ್‌ನಲ್ಲೇ ಮನೆಗೆ ಕಳುಹಿಸಲಾಗಿತ್ತು.

ಹಾಗಾದರೆ ಯುದ್ಧದ ಹಣ ಎಲ್ಲಿಂದ ಬಂತು? ಸಾಲದಿಂದ. ಅದರ ಬಹುಪಾಲನ್ನು ವಾರ್ಷಿಕ ಬಜೆಟ್ಟಿನ ಹೊರಗೆ 'ತುರ್ತು' ಅನುದಾನವೆಂದು ಮಂಜೂರು ಮಾಡಲಾಯಿತು. ಗಾಯಾಳು ಸೈನಿಕರ ಜೀವನಪರ್ಯಂತದ ಚಿಕಿತ್ಸೆ ಮತ್ತು ಬಡ್ಡಿಯನ್ನು ಸೇರಿಸಿ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಲಿಂಡಾ ಬಿಲ್ಮ್ಸ್ 2008ರಲ್ಲಿ ಲೆಕ್ಕ ಹಾಕಿದಾಗ ಮೊತ್ತ 3 ಲಕ್ಷ ಕೋಟಿ ಡಾಲರಿಗೆ ಮುಟ್ಟಿತು. ಬುಷ್ ಅಧಿಕಾರಕ್ಕೆ ಬಂದಾಗ 5.7 ಲಕ್ಷ ಕೋಟಿಯಷ್ಟಿದ್ದ ದೇಶದ ಸಾಲ, ಅವರು ಇಳಿಯುವಾಗ 10.6 ಲಕ್ಷ ಕೋಟಿಯಾಗಿತ್ತು. ಎಲ್ಲವೂ ಯುದ್ಧದ ಸಾಲವಲ್ಲ, ನಿಜ. ನಂತರದ ಏರಿಕೆಯಲ್ಲಿ 2008ರ ಆರ್ಥಿಕ ಕುಸಿತ, 2020ರ ಕೊರೋನಾ ಮತ್ತು ವೃದ್ಧರ ಪಿಂಚಣಿ-ಚಿಕಿತ್ಸೆಗಳ ಪಾಲೂ ದೊಡ್ಡದು.

ಪ್ರತಿ ಮನೆಗೂ ಯುದ್ಧ ತೆರಿಗೆಯ ನೋಟೀಸು ಹೋಗಿದ್ದರೆ, ಈ ಯುದ್ಧ ಏತಕ್ಕೆಂದು ಪ್ರತಿ ಮನೆಯೂ ಕೇಳುತ್ತಿತ್ತು. ಸಾಲವು ಆ ಪ್ರಶ್ನೆಯನ್ನೇ ನುಂಗಿಹಾಕಿತು. ಬಡ್ಡಿಯ ಕೆಡುಕನ್ನು ವಿವರಿಸುವಾಗ ನಾವು ಸಾಲಗಾರನ ಕಣ್ಣೀರನ್ನಷ್ಟೇ ತೋರಿಸುತ್ತೇವೆ. ಇಸ್ಲಾಮ್ ಲಾಭವನ್ನು ನಿಷೇಧಿಸಿಲ್ಲ; ನಷ್ಟದಲ್ಲಿ ಪಾಲುಗೊಳ್ಳದವನ ಖಾತರಿಯ ಲಾಭವನ್ನು ನಿಷೇಧಿಸಿದೆ. 2021ರ ಆಗಸ್ಟ್‌ನಲ್ಲಿ ಅಮೇರಿಕದ ಸೇನೆ ಕಾಬೂಲಿನಿಂದ ಬರಿಗೈಯಲ್ಲಿ ಹೊರಟಿತು. ಸಾಲಪತ್ರ ಕೊಂಡವರಿಗೆ ಬಡ್ಡಿ ಮಾತ್ರ ನಿಗದಿತ ದಿನಾಂಕದಂದೇ ಸಂದಾಯವಾಯಿತು.

ಈಜಿಪ್ಟಿನ ಕಥೆ ನಿಮಗೆ ಗೊತ್ತಿರಬಹುದು. ಸಾಲಕ್ಕೆ ಸಿಕ್ಕಿದ ಖೆದಿವ್ ಇಸ್ಮಾಯಿಲ್ 1875ರಲ್ಲಿ ಸೂಯೆಝ್ ಕಾಲುವೆಯ ಷೇರುಗಳನ್ನು ಬ್ರಿಟನ್ನಿಗೆ ಮಾರಿದ. ಮರುವರ್ಷ ಯುರೋಪಿನ ಸಾಲದಾತರ ಆಯೋಗ ಬಂದು ಕೂತಿತು. 1882ರಲ್ಲಿ ಬ್ರಿಟಿಷ್ ಸೇನೆಯೇ ಬಂತು. ಅಮೇರಿಕಕ್ಕೆ ಆ ಗತಿ ಬರಲಿಲ್ಲ. ಅದು ತನ್ನದೇ ನಾಣ್ಯದಲ್ಲಿ ಸಾಲ ಪಡೆಯುತ್ತದೆ, ಆ ನಾಣ್ಯ ಲೋಕಕ್ಕೆಲ್ಲ ಬೇಕು. ಚೀನಾ, ಜಪಾನ್ ಮಾತ್ರವಲ್ಲ, ನಮ್ಮ ರಿಸರ್ವ್ ಬ್ಯಾಂಕ್ ಕೂಡ ಅದರ ಸಾಲಪತ್ರಗಳನ್ನು ಇಟ್ಟುಕೊಂಡಿದೆ. ಗಲ್ಫ್‌ನ ಅರಸೊತ್ತಿಗೆಗಳೂ ಇಟ್ಟುಕೊಂಡಿವೆ. ಇದನ್ನು ಮಾತ್ರ ನಾವು ಅಂಗಳದಲ್ಲಿ ಆಡಿಕೊಳ್ಳುವುದಿಲ್ಲ.

2024ರಲ್ಲಿ ಅಮೇರಿಕ ತೆತ್ತ ಬಡ್ಡಿ ಅದರ ರಕ್ಷಣಾ ವೆಚ್ಚವನ್ನೂ ಮೀರಿತು. ಆದರೂ 2025ರ ಜುಲೈಯಲ್ಲಿ ಟ್ರಂಪ್ ಸಹಿ ಹಾಕಿದ ಶಾಸನವು ತೆರಿಗೆ ಕಡಿತಗಳನ್ನು ಮುಂದುವರಿಸಿ, ಬಡವರ ಚಿಕಿತ್ಸೆಯ ಮೆಡಿಕೈಡ್ ಯೋಜನೆಗೆ ಕತ್ತರಿ ಹಾಕಿತು. ಹೀಗಿದ್ದೂ ಹತ್ತು ವರ್ಷಗಳಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುವುದೆಂದು ಅದೇ ಬಜೆಟ್ ಕಚೇರಿ ಅಂದಾಜಿಸಿದೆ. ಔಷಧಿಗೆ ಪರದಾಡಬೇಕಾದ ಆ ಬಡವರಲ್ಲಿ ನಮ್ಮ ಸಹೋದರರೂ ಇದ್ದಾರೆ.

2003ರ ಫೆಬ್ರವರಿ 15ರಂದು, ಇರಾಕ್ ಯುದ್ಧ ಬೇಡವೆಂದು ನ್ಯೂಯಾರ್ಕಿನ ಕೊರೆಯುವ ಚಳಿಯಲ್ಲಿ ಲಕ್ಷಾಂತರ ಜನರು ಬೀದಿಗಿಳಿದಿದ್ದರು. ಆ ಯುದ್ಧದ ಬಡ್ಡಿಗೆ ಇಂದು ಅವರೂ ತೆರಿಗೆ ಕಟ್ಟುತ್ತಿದ್ದಾರೆ.