ಕೈಯಿಲ್ಲದ ಬೀಗ



ಮಠದ ಯಾತ್ರಿನಿವಾಸದ ಕೋಣೆಗಳಿಗೆ ಹೊಸ ಬಗೆಯ ಬೀಗಗಳನ್ನು ಹಾಕಿಸಬೇಕೆಂದು ಕೆಲವು ಭಕ್ತರು ಬಿನ್ನವಿಸಿಕೊಂಡಿದ್ದಾರೆ. ಅವಕ್ಕೆ ಲೋಹದ ಕೈ ಬೇಕಿಲ್ಲ. ಮೊಬೈಲ್ ಫೋನಿನ ಆ್ಯಪ್‌ನಿಂದಲೇ ತೆರೆಯುತ್ತವೆಯಂತೆ. ಈ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ಅನಿಸಿದೆ.

ಹೊಸದೆಂಬ ಕಾರಣಕ್ಕೆ ಯಾವುದನ್ನೂ ಅಲ್ಲಗಳೆಯಬಾರದು. ನಾವು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಪ್ಪಟೆ ಬೀಗದ ಕೈಯೂ ಒಂದು ಕಾಲಕ್ಕೆ ಹೊಸದೇ. 1860ರ ದಶಕದಲ್ಲಿ ಅಮೆರಿಕದ ಲೀನಸ್ ಯೇಲ್ ಅದಕ್ಕೆ ಪೇಟೆಂಟ್ ಪಡೆದನು. ಆದರೆ ಅದನ್ನು ಯಾರು ಬೇಕಾದರೂ ನಕಲು ಮಾಡಿಸಬಹುದು. ಆದುದರಿಂದ 1970ರ ದಶಕದಲ್ಲಿ ನಾರ್ವೆಯ ಟೋರ್ ಸೋರ್ನೆಸ್ ಎಂಬವರು ಹೋಟೆಲುಗಳಿಗಾಗಿ ಕಾರ್ಡಿನ ಬೀಗವನ್ನು ರೂಪಿಸಿದರು. ಅತಿಥಿ ಬದಲಾದಂತೆ ಸಂಕೇತವೂ ಬದಲಾಗುತ್ತದೆ. ಹಿಂದಿನವನ ಭಯ ಮುಂದಿನವನಿಗಿಲ್ಲ. ಈಗ ಕಾರ್ಡಿನ ಸ್ಥಾನಕ್ಕೆ ಫೋನು ಬಂದಿದೆ. ಫೋನು ಸಂಕೇತ ಕಳಿಸುತ್ತದೆ, ಬೀಗವು ಸಂಕೇತವನ್ನೂ ವೇಳೆಯನ್ನೂ ನೋಡಿ ತೆರೆಯುತ್ತದೆ. ಅವಧಿ ಮುಗಿಯಿತೋ, ಫೋನು ಕೈಯಲ್ಲಿದ್ದರೂ ಬಾಗಿಲು ತೆರೆಯದು. ಈ ಕಾಯವೂ ಅಂಥ ಕೋಣೆಯೇ ಅಲ್ಲವೆ? ಕೊಟ್ಟವನು ಕರೆದಾಗ ನಮ್ಮ ಕೈ ನಡೆಯದು.

ಹಾಗೆಂದು ಯಂತ್ರವನ್ನು ಪೂರ್ತಿ ನಂಬಿ ಕೂರುವಂತಿಲ್ಲ. 2017ರಲ್ಲಿ ಆಸ್ಟ್ರಿಯ ದೇಶದ ಒಂದು ಹೋಟೆಲಿನ ಗಣಕಗಳನ್ನು ದೂರದ ದುಷ್ಕರ್ಮಿಗಳು ಹಿಡಿತಕ್ಕೆ ತೆಗೆದುಕೊಂಡರು. ಹೊಸ ಅತಿಥಿಗಳಿಗೆ ಕಾರ್ಡು ಮಾಡಿಕೊಡಲಾಗದೆ ಮಾಲೀಕರು ಹಣ ತೆತ್ತರು. 2024ರಲ್ಲಿ ಸಂಶೋಧಕರು, ಸುಮಾರು 30 ಲಕ್ಷ ಬಾಗಿಲುಗಳಲ್ಲಿದ್ದ ಒಂದು ಬಗೆಯ ಕಾರ್ಡಿನ ಬೀಗದಲ್ಲಿ ದೋಷವಿದೆಯೆಂದು ತೋರಿಸಿದರು. ಮನುಷ್ಯ ಕಟ್ಟಿದ್ದನ್ನು ಮನುಷ್ಯನೇ ಬಿಚ್ಚಬಲ್ಲ.

ಆದರೆ ನಮ್ಮ ಚಿಂತೆ ಕಳ್ಳನದಲ್ಲ, ಭಕ್ತನದು. ಶರಣರು ಮಾಡಿದ್ದೇನು? ಇಷ್ಟಲಿಂಗವನ್ನು ಅಂಗೈಗೆ ಕೊಟ್ಟು, ದೇವರಿಗೂ ಭಕ್ತನಿಗೂ ನಡುವೆ ಬಾಗಿಲು ಕಾಯುವವನೇ ಇಲ್ಲದಂತೆ ಮಾಡಿದರು. ಕುಲ ಕೇಳಲಿಲ್ಲ, ಸಿರಿತನ ಕೇಳಲಿಲ್ಲ. ಅವರ ಹೆಸರು ಹೇಳುವ ಮಠದ ಬಾಗಿಲು ಇಂದು ಫೋನು ಕೇಳಬಹುದೆ? ಶಿವರಾತ್ರಿಗೆ ಬುತ್ತಿ ಕಟ್ಟಿಕೊಂಡು ನಡೆದು ಬರುವ ಮುದುಕಿಯ ಸೆರಗಿನಲ್ಲಿ ವಿಭೂತಿಯ ಗಟ್ಟಿಯಿರುತ್ತದೆ, ಆ್ಯಪ್ ಇರುವುದಿಲ್ಲ. ಅವಳು ಕೋಣೆಯ ಮುಂದೆ ನಿಂತು ಇನ್ನೊಬ್ಬರ ಮುಖ ನೋಡುವಂತಾದರೆ ಅದು ದಾಸೋಹವಾಗದು.

ಇನ್ನೊಂದು ಮಾತು. ಈ ಬೀಗಗಳು ಬಾಗಿಲು ತೆರೆದ ವೇಳೆಯನ್ನೆಲ್ಲ ಬರೆದಿಡುತ್ತವೆ. ದುಃಖ ತಾಳಲಾರದೆ ನಡುರಾತ್ರಿಯಲ್ಲಿ ಎದ್ದು ಗದ್ದುಗೆಯ ಮುಂದೆ ಕುಳಿತವನ ಲೆಕ್ಕ ಯಂತ್ರಕ್ಕೇಕೆ?

ಆದುದರಿಂದ ನಮ್ಮ ಅಪ್ಪಣೆ ಇಷ್ಟು: ಹೊಸ ಬೀಗಗಳು ಬರಲಿ, ಆದರೆ ಲೋಹದ ಕೈಯಿಂದಲೂ ತೆರೆಯುವಂಥವೇ ಬರಲಿ. ಬಂದುಹೋದವರ ವೇಳೆಯನ್ನು ಕಾರಣವಿಲ್ಲದೆ ಯಾರೂ ತೆಗೆದು ನೋಡಕೂಡದು. ಫೋನಿಲ್ಲದವರಿಗೆ ಬೀಗದ ಕೈಯನ್ನು ಮೊದಲು ಕೊಡಿರಿ, ಕೊಡುವಾಗ ಎದ್ದು ನಿಂತು ಕೊಡಿರಿ. ಬೀಗಕ್ಕೆ ಕೈ ಇಲ್ಲದಿದ್ದರೂ ನಡೆದೀತು. ಬರಮಾಡಿಕೊಳ್ಳುವ ಕೈ ಇಲ್ಲದಿದ್ದರೆ ಅದು ಮಠವೆನಿಸದು.

ಬಸವಾದಿ ಪ್ರಮಥರ ಕೃಪೆ ನಿಮ್ಮೆಲ್ಲರ ಮೇಲಿರಲಿ. ಶರಣು ಶರಣಾರ್ಥಿ.