ವಾದ್ಯವೃಂದದ ಮುಂದೆ ನಮ್ಮ ಮಕ್ಕಳು



ಅಮೆರಿಕದಲ್ಲಿ ಕನ್ನಡಿಗರ ಸಂಗೀತ ಗೋಷ್ಠಿಯೆಂದರೆ ಅಧ್ಯಕ್ಷರ ಮಾತು ಪುರಂದರದಾಸರಿಂದ ಶುರುವಾಗಬೇಕೆಂಬ ರೂಢಿಯಿದೆ. ಇವತ್ತು ಅದನ್ನು ಮುರಿಯುತ್ತೇನೆ, ದಾಸರು ಕ್ಷಮಿಸಲಿ. ಶನಿವಾರ ಚಾಪೆಯ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ವರ್ಣ ನುಡಿಸುವ ಮಗುವೇ ಭಾನುವಾರ ಎದ್ದು ನಿಂತು, ಗದ್ದದಡಿ ಇನ್ನೊಂದು ಪಿಟೀಲಿಟ್ಟು ಜರ್ಮನ್ ಸಂಯೋಜಕ ಮೆಂಡೆಲ್‌ಸನ್ ನುಡಿಸುತ್ತದೆ. ಈ ಎರಡನೆಯ ಪಿಟೀಲಿನ ಬಗ್ಗೆ ನಮ್ಮ ಗೋಷ್ಠಿಗಳು ಬಾಯಿ ಬಿಡುವುದೇ ಇಲ್ಲ.

ಪಾಶ್ಚಾತ್ಯ ಸಂಗೀತ ನಮ್ಮದಲ್ಲ ಎನ್ನುವವರಿಗೆ ಒಂದೇ ಉತ್ತರ: ಜಯಚಾಮರಾಜ ಒಡೆಯರ್. ಕರ್ನಾಟಕ ಪದ್ಧತಿಯಲ್ಲಿ ಕೃತಿ ರಚಿಸಿದ ಅವರೇ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯನ್ ಸಂಯೋಜಕ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು, ಎಂದರೆ ಪಿಯಾನೊ ಸೋಲೋ ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿಯನ್ನು, ಅರ್ಪಿಸಿದ್ದು ಮೈಸೂರಿನ ಈ ಮಹಾರಾಜರಿಗೆ.

ಆ ಎರಡನೆಯ ಪಿಟೀಲಿಗೆ ಇಲ್ಲಿ ವೇದಿಕೆಯೂ ಇದೆ: ಅಮೆರಿಕದ ಊರೂರಲ್ಲಿ ಕಮ್ಯೂನಿಟಿ ಆರ್ಕೆಸ್ಟ್ರಾಗಳಿವೆ. ದಂತವೈದ್ಯರು, ನಿವೃತ್ತ ಮೇಷ್ಟ್ರುಗಳು, ಎಂಜಿನಿಯರುಗಳು ವಾರಕ್ಕೊಂದು ಸಂಜೆ ಹೈಸ್ಕೂಲಿನ ಹಾಲಿನಲ್ಲೋ ಚರ್ಚಿನಲ್ಲೋ ಸೇರಿ ನುಡಿಸುತ್ತಾರೆ. ಬಹುತೇಕರಿಗೆ ಸಂಬಳವಿಲ್ಲ. ಇಂಥ ಎಷ್ಟೋ ವೃಂದಗಳು ಹೈಸ್ಕೂಲು ಮಕ್ಕಳಿಗಾಗಿ ಸೋಲೋ ಸ್ಪರ್ಧೆ ನಡೆಸುತ್ತವೆ. ಮಗು ಕನ್ಸರ್ಟೊದ ಒಂದು ಭಾಗವನ್ನು ಬಾಯಿಪಾಠ ಮಾಡಿ, ಪಿಯಾನೊ ಪಕ್ಕವಾದ್ಯದೊಂದಿಗೆ ತೀರ್ಪುಗಾರರ ಮುಂದೆ ನುಡಿಸುತ್ತದೆ. ಗೆದ್ದರೆ ಚಿಕ್ಕದೊಂದು ಚೆಕ್ಕು ಸಿಗಬಹುದು. ನಿಜವಾದ ಬಹುಮಾನ, ಇಡೀ ವೃಂದದೊಂದಿಗೆ ವೇದಿಕೆಯ ಮೇಲೆ ನುಡಿಸುವ ಅವಕಾಶ.

ಆ ಅವಕಾಶ ಎಂಥದೆಂದು ತಿಳಿಯಲು ಮೆಂಡೆಲ್‌ಸನ್ನನ ಇ ಮೈನರ್ ಪಿಟೀಲು ಕನ್ಸರ್ಟೊವನ್ನೇ ನೋಡಿ. 1838ರಲ್ಲಿ ಮನಸ್ಸಿಗೆ ಬಂದದ್ದನ್ನು ಅವನು ಮುಗಿಸಿದ್ದು 1844ರಲ್ಲಿ. ಗೆಳೆಯ ಫರ್ಡಿನಂಡ್ ಡೇವಿಡ್ ಲೈಪ್‌ಜಿಗ್‌ನಲ್ಲಿ ಮೊದಲು ನುಡಿಸಿದ್ದು 1845ರ ಮಾರ್ಚಿನಲ್ಲಿ. ಹಳೆಯ ಕನ್ಸರ್ಟೊಗಳಲ್ಲಿ ವೃಂದ ಸಾಕಷ್ಟು ಹೊತ್ತು ನುಡಿಸಿದ ಮೇಲೆ ಸೋಲೋ ಬರುತ್ತಿತ್ತು, ಕೈ ನಡುಕ ನಿಲ್ಲಲು ಸಮಯ ಸಿಗುತ್ತಿತ್ತು. ಇಲ್ಲಿ ವೃಂದ ಒಂದೂವರೆ ಬಾರ್ ನುಡಿಸುವಷ್ಟರಲ್ಲಿ ಪಿಟೀಲು ಎತ್ತಿಕೊಳ್ಳಲೇಬೇಕು. ಆದರೆ ಮಗುವಿನ ನಿಜವಾದ ಪರೀಕ್ಷೆ ಕ್ಯಾಡೆನ್ಜಾದಲ್ಲಿದೆ. ಸೋಲೋ ಒಬ್ಬರೇ ನುಡಿಸುವ ಆ ಭಾಗ ಸಾಮಾನ್ಯವಾಗಿ ಕೊನೆಗೆ ಬರುತ್ತಿತ್ತು. ಮೆಂಡೆಲ್‌ಸನ್ ಅದನ್ನು ನಡುವಿಗೆ ತಂದ, ಒಂದೊಂದು ಸ್ವರವನ್ನೂ ತಾನೇ ಬರೆದಿಟ್ಟ. ಅದರ ಕೊನೆಯಲ್ಲಿ ಕಮಾನು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತಿರುವಾಗಲೇ ಕೊಳಲು, ಓಬೋ ಮತ್ತು ವೃಂದದ ಪಿಟೀಲುಗಳು ಮೂಲ ರಾಗವನ್ನು ಮೆಲ್ಲಗೆ ಎತ್ತಿಕೊಳ್ಳುತ್ತವೆ. ಅಷ್ಟು ಹೊತ್ತು ಮೆರೆದ ಸೋಲೋ ಆ ಗಳಿಗೆಯಿಂದ ಪಕ್ಕವಾದ್ಯ! ತನಿ ಆವರ್ತನದ ಮುಕ್ತಾಯಕ್ಕೆ ಗಾಯಕರು ಪಲ್ಲವಿ ಎತ್ತಿಕೊಳ್ಳುವುದನ್ನು ಕಂಡವರಿಗೆ ಈ ಜಾಗದ ಕಷ್ಟ ಗೊತ್ತು. ಲೆಕ್ಕ ತಪ್ಪಿದರೆ ಸಭೆಗೆಲ್ಲ ಗೊತ್ತಾಗುತ್ತದೆ.

ಸ್ಪರ್ಧೆಯ ಕೋಣೆಯಲ್ಲಿ ಪಿಯಾನೊದವರೊಬ್ಬರು ಮಗು ಓಡಿದರೆ ಓಡುತ್ತಾರೆ, ಮರೆತರೆ ಹಾರಿ ಬಂದು ಸೇರಿಕೊಳ್ಳುತ್ತಾರೆ. ಐವತ್ತು ಅರವತ್ತು ಜನ ಹಾಗೆ ಹಾರಲಾರರು. ಹವ್ಯಾಸಿ ಹಾರ್ನ್ ವಾದಕರು ಅರ್ಧ ಕ್ಷಣ ತಡವಾಗಿ ಬರುವುದೂ ಉಂಟು. ಮಗು ಅವರಿಗಾಗಿ ಕಾಯಬೇಕು, ಕಂಡಕ್ಟರರ ಕೈ ನೋಡಬೇಕು, ತನ್ನ ಕಷ್ಟದ ಸಂಗತಿಯನ್ನು ಎರಡನೆಯ ಸಾಲಿನ ಕ್ಲಾರಿನೆಟ್ಟಿಗೆ ಹೊಂದಿಸಬೇಕು. ಕೇಳಿಸಿಕೊಳ್ಳದ ಜಾಣಮಕ್ಕಳು ಎಡವುವುದು ಇಲ್ಲೇ, ಮತ್ತು ಇದನ್ನು ಕಲಿಸಲು ಟ್ಯೂಷನ್ ಇಲ್ಲ.

ನಮ್ಮ ಮನೆಗಳಲ್ಲಿ ಈ ಸ್ಪರ್ಧೆ ಕಾಲೇಜು ಅರ್ಜಿಯ ಒಂದು ಸಾಲಾಗಿಬಿಟ್ಟಿದೆ. ಬೇಸರದಿಂದಲೇ ಹೇಳುತ್ತೇನೆ. ಫಲಿತಾಂಶ ಬಂದ ಮರುವಾರ ಪಿಟೀಲು ಪೆಟ್ಟಿಗೆ ಸೇರಿದ್ದನ್ನು ನೀವೂ ಕಂಡಿದ್ದೀರಿ. ಇನ್ನೊಂದು ರೋಗ, ಎಲ್ಲರಿಗೂ ಪಿಯಾನೊ ಅಥವಾ ಪಿಟೀಲೇ ಬೇಕು. ಬಸೂನ್ ಕೈಗೆತ್ತಿಕೊಂಡ ಹುಡುಗಿಗೆ "ಅದರಲ್ಲಿ ಗೆಲ್ಲೋಕಾಗುತ್ತೇನಮ್ಮಾ?" ಎಂದು ಕೇಳುವ ಚಿಕ್ಕಪ್ಪಂದಿರು ಈ ಸಭೆಯಲ್ಲೂ ಇದ್ದಾರು. ಮೊಟ್ಸಾರ್ಟ್ 1774ರಲ್ಲಿ, ತನ್ನ ಹದಿನೆಂಟರಲ್ಲಿ, ಬಸೂನಿಗೇ ಕನ್ಸರ್ಟೊ ಬರೆದ. ಬ್ರಿಟನ್ನಿನ ಬಿಬಿಸಿ ಯುವ ಸಂಗೀತಗಾರ ಸ್ಪರ್ಧೆ 1978ರಲ್ಲಿ ಶುರುವಾದಾಗ ಮೊದಲ ಪ್ರಶಸ್ತಿ ಪಡೆದ ಮೈಕೆಲ್ ಹೆಕ್ಸ್ಟ್ ನುಡಿಸುತ್ತಿದ್ದದ್ದು ಟ್ರಾಂಬೋನ್.

ತೀರ್ಪುಗಾರರಲ್ಲಿ ನನ್ನ ಕೋರಿಕೆಯೊಂದಿದೆ. ಗೆಲ್ಲದ ಮಕ್ಕಳ ಹಾಳೆಯಲ್ಲಿ ಅಂಕದ ಜೊತೆ ನಾಲ್ಕು ಸಾಲು ಬರೆಯಿರಿ: ಎಲ್ಲಿ ಶ್ರುತಿ ಜಾರಿತು, ಎಲ್ಲಿ ಕಾಲ ಓಡಿತು, ಯಾವ ಜಾಗ ನಿಮಗೆ ಹಿಡಿಸಿತು. ಮಕ್ಕಳು ಆ ಹಾಳೆಯನ್ನು ಎಷ್ಟು ಸಲ ಓದುತ್ತಾರೆಂದು ದೊಡ್ಡವರಿಗೆ ಅಂದಾಜಿಲ್ಲ. ಕನ್ನಡ ಸಂಘಗಳು ಇನ್ನೊಂದು ಕಪ್ಪು, ಇನ್ನೊಂದು ಶಾಲು ಹುಟ್ಟುಹಾಕುವುದು ಬೇಡ. ಆಯ್ಕೆಯಾಗದ ಮಕ್ಕಳನ್ನು ಒಂದು ಮಧ್ಯಾಹ್ನ ಸೇರಿಸಿ, ನಾಲ್ಕೈದು ಜನ ಒಟ್ಟಿಗೆ ನುಡಿಸುವಂತೆ ಮಾಡಿದರೆ ಸಾಕು. ಕಾಫಿ, ಉಪ್ಪಿಟ್ಟು ಹೇಗೂ ನಮ್ಮಲ್ಲಿರುತ್ತದೆ.

ಅಪ್ಪ ಅಮ್ಮಂದಿರಿಗೆ ಇಷ್ಟೇ. ನಿಮ್ಮೂರಿನ ಆರ್ಕೆಸ್ಟ್ರಾದ ಈ ಸಾಲಿನ ಟಿಕೆಟ್ ಕೊಳ್ಳಿ, ನಿಮ್ಮ ಮಗು ನುಡಿಸದ ಕಛೇರಿಗೂ ಹೋಗಿ, ಮಗು ನುಡಿಸಿದ ದಿನ ಮಧ್ಯಂತರಕ್ಕೆ ಎದ್ದು ಮನೆಗೆ ಹೊರಡಬೇಡಿ.